ವೆನ್ಸ್‌ಡೇ ಎಂಬುದು ತಂಡದ ಹೆಸರು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾಪುಟದಲ್ಲಿ ‘ಬುಧವಾರ ಶೆಫೀಲ್ಡ್‌ಗೆ ಸೋಲು’ ಎಂಬ ಶೀರ್ಷಿಕೆ ಬಂದಿತ್ತು. ಪಂದ್ಯ ನಡೆದದ್ದು ಶನಿವಾರ. ಸೋತ ಫುಟ್‌ಬಾಲ್ ತಂಡದ ಹೆಸರೇ ಶೆಫೀಲ್ಡ್ ವೆನ್ಸ್‌ಡೇ. ಅನುವಾದದ ಅವಸರದಲ್ಲಿ ತಂಡದ ಹೆಸರು ಪಂದ್ಯದ ದಿನವಾಗಿಬಿಟ್ಟಿದೆ. ಸಣ್ಣ ತಪ್ಪೆಂದು ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ 31 ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಟರ್ನರ್ ಆಗಿ ದುಡಿದ ನನಗೆ ಆ ಹೆಸರಿನ ಮೇಲೆ ವಿಶೇಷ ಅಭಿಮಾನ.

ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಕತ್ತರಿಗಳಿಗೆ ಹೆಸರಾದ ಊರು. ಅಲ್ಲಿನ ಕಸುಬುದಾರರಿಗೆ ಬುಧವಾರ ಅರ್ಧ ದಿನ ಬಿಡುವು. ಆ ಹೊತ್ತಿನಲ್ಲಿ ಆಡಲೆಂದೇ 1820ರಲ್ಲಿ ವೆನ್ಸ್‌ಡೇ ಕ್ರಿಕೆಟ್ ಕ್ಲಬ್ ಹುಟ್ಟಿತು. ಚಳಿಗಾಲದಲ್ಲಿ ಆಟಗಾರರು ಚದುರಿಹೋಗದಿರಲೆಂದು 1867ರಲ್ಲಿ ಫುಟ್‌ಬಾಲ್ ಸೇರಿಸಿಕೊಂಡರು. 1929ರವರೆಗೆ ತಂಡದ ಹೆಸರಿನಲ್ಲಿ ಊರೂ ಇರಲಿಲ್ಲ, ಬರೀ ‘ದಿ ವೆನ್ಸ್‌ಡೇ’. ವಾರಕ್ಕೊಮ್ಮೆ ಸಿಗುವ ಬಿಡುವನ್ನೇ ಹೆಸರಾಗಿ ಇಟ್ಟುಕೊಂಡರಲ್ಲ, ಆ ಅರ್ಧ ದಿನದ ಬೆಲೆ ಪಾಳಿಯಲ್ಲಿ ದುಡಿದವರಿಗೆ ಗೊತ್ತು.

ಲಂಡನ್ನಿನ ವೆಸ್ಟ್ ಹ್ಯಾಮ್ ತಂಡದ್ದೂ ಇಂಥದೇ ಹುಟ್ಟು. 1895ರಲ್ಲಿ ಅದನ್ನು ಕಟ್ಟಿದ್ದು ಥೇಮ್ಸ್ ಐರನ್‌ವರ್ಕ್ಸ್ ಎಂಬ ಹಡಗು ಕಾರ್ಖಾನೆಯಲ್ಲಿ. ಮೊದಲು ಕಾರ್ಖಾನೆಯ ಹೆಸರೇ ತಂಡಕ್ಕಿತ್ತು. 1912ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಹಡಗಿಗೆ ರಿವೆಟ್ ಬಡಿಯುತ್ತಿದ್ದ ಸುತ್ತಿಗೆಗಳು ಇಂದಿಗೂ ತಂಡದ ಲಾಂಛನದಲ್ಲಿವೆ. ಅವುಗಳನ್ನು ಕಂಡಾಗಲೆಲ್ಲ ನನ್ನ ಕೈಗೆ ಲೇತ್ ಯಂತ್ರದ ನೆನಪಾಗುತ್ತದೆ. ಆರ್ಸೆನಲ್ ಎಂದರೂ ಶಸ್ತ್ರಾಗಾರವೇ: 1886ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದ ವುಲಿಚ್‌ನ ಶಸ್ತ್ರಾಗಾರದ ಕಾರ್ಮಿಕರು ಕಟ್ಟಿದ ತಂಡ ನದಿ ದಾಟಿ ಉತ್ತರ ಲಂಡನ್ನಿಗೆ ಹೋದರೂ ಫಿರಂಗಿಯ ಚಿಹ್ನೆಯನ್ನು ಬಿಡಲಿಲ್ಲ.

ಇಂಥ ಹೆಸರುಗಳನ್ನು ಮಾಲೀಕರ ಇಷ್ಟಕ್ಕೆ ಬದಲಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. 1904ರಲ್ಲಿ ಹುಟ್ಟಿದ ಹಲ್ ಸಿಟಿ ತಂಡವನ್ನು ಅದರ ಮಾಲೀಕರು ‘ಹಲ್ ಟೈಗರ್ಸ್’ ಮಾಡಲು ಹೊರಟಾಗ ಅಭಿಮಾನಿಗಳು ಎದುರು ನಿಂತರು. 2014ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅನುಮತಿ ನಿರಾಕರಿಸಿತು. ಸರಿಯಾಗಿಯೇ ಮಾಡಿತು.

ದಯವಿಟ್ಟು ತಿದ್ದುಪಡಿ ಪ್ರಕಟಿಸಿ. ತಂಡಗಳ ಹೆಸರನ್ನು ಅನುವಾದಿಸದೆ, ಮೊಟಕುಗೊಳಿಸದೆ ಪೂರ್ತಿಯಾಗಿ ಬರೆಯಿರಿ. ಶೆಫೀಲ್ಡ್‌ನಲ್ಲಿ 1889ರಿಂದ ಯುನೈಟೆಡ್ ಎಂಬ ಇನ್ನೊಂದು ತಂಡವೂ ಇದೆ. ಹಾಗಾಗಿ ಕಳೆದ ವಾರದ ಶೀರ್ಷಿಕೆ ಓದಿದವರು ಸೋತದ್ದು ಅದೇ ಎಂದುಕೊಂಡಿರಲೂಬಹುದು.

ಇತಿ,
ಒಬ್ಬ ನಿವೃತ್ತ ಟರ್ನರ್