ಅರ್ಧಕ್ಕೆ ನಿಂತ ಲಸಿಕೆ ಪುಸ್ತಕ

ಮಾನ್ಯ ಸಂಪಾದಕರೇ,

ನಾಯಿಮರಿ ಮನೆಗೆ ಬಂದ ವಾರದಲ್ಲಿ ಲಸಿಕೆಯ ಬಗ್ಗೆ ಇರುವ ಉತ್ಸಾಹ ಮೂರನೆಯ ತಿಂಗಳಿಗೆ ಉಳಿಯುವುದಿಲ್ಲ. ಅಷ್ಟರಲ್ಲಿ ಮರಿ ಮನೆಯ ತುಂಬ ಓಡಾಡಿಕೊಂಡು, ಚಪ್ಪಲಿ ಕಚ್ಚಿಕೊಂಡು ಗಟ್ಟಿಮುಟ್ಟಾಗಿರುತ್ತದೆ. ಇನ್ನು ಇದಕ್ಕೇನೂ ಆಗದು ಎಂಬ ಧೈರ್ಯ ನಮಗೂ ಬಂದಿರುತ್ತದೆ. ಹಾಗೆ ಧೈರ್ಯ ಮಾಡಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮರಿಯ ಲಸಿಕೆ ಪುಸ್ತಕ ಈಗಲೂ ಮೇಜಿನ ಖಾನೆಯಲ್ಲಿದೆ. ಅದರ ಮೊದಲೆರಡು ಸಾಲುಗಳಲ್ಲಿ ಲಸಿಕೆಯ ಸೀಸೆಯಿಂದ ಬಿಡಿಸಿ ಅಂಟಿಸಿದ ಪುಟ್ಟ ಲೇಬಲ್‌ಗಳಿವೆ, ಪಕ್ಕದಲ್ಲಿ ವೈದ್ಯರ ಸಹಿಯಿದೆ. ಮೂರನೆಯ ಸಾಲಿನಲ್ಲಿರುವುದು ಪೆನ್ಸಿಲಿನಲ್ಲಿ ಬರೆದ ಒಂದು ದಿನಾಂಕ ಮಾತ್ರ. ಆ ದಿನಾಂಕದಂದು ನಾವು ಊರಿನಲ್ಲಿರಲಿಲ್ಲ, ಬಂದ ಮೇಲೆ ನೋಡೋಣ ಎಂದುಕೊಂಡೆವು. ಹತ್ತು ದಿನಗಳ ನಂತರ ಮರಿ ಊಟ ಬಿಟ್ಟಿತು, ಮರುದಿನ ವಾಂತಿ ಮತ್ತು ರಕ್ತಭೇದಿ ಶುರುವಾಯಿತು, ಮೂರು ದಿನ ಡ್ರಿಪ್ ಹಾಕಿಸಿದರೂ ಉಳಿಯಲಿಲ್ಲ. ಅದು ಪಾರ್ವೊ, ಕರುಳಿಗೆ ತಗಲುವ ವೈರಸ್ ರೋಗ ಎಂದರು ವೈದ್ಯರು.

ಎರಡು ಲಸಿಕೆ ಆಗಿತ್ತಲ್ಲ ಎಂದು ನಾನು ಕೇಳಿದಾಗ ಸಿಕ್ಕ ವಿವರಣೆಯನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಚೆನ್ನಾಗಿತ್ತು. ಹುಟ್ಟಿದ ಮರಿಗೆ ತಾಯಿಯ ಗಿಣ್ಣುಹಾಲಿನ ಮೂಲಕ ಪ್ರತಿಕಾಯಗಳು ಸಿಗುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವ ಈ ಪ್ರತಿಕಾಯಗಳೇ ಲಸಿಕೆಯಲ್ಲಿರುವ ದುರ್ಬಲ ವೈರಸ್ಸನ್ನೂ ಶತ್ರುವೆಂದು ಭಾವಿಸಿ ಹೊಡೆದುಹಾಕುವುದರಿಂದ, ಬೇಗ ಕೊಟ್ಟ ಲಸಿಕೆ ಕೆಲವು ಮರಿಗಳಲ್ಲಿ ಕೆಲಸವನ್ನೇ ಮಾಡದಿರಬಹುದು. ತಾಯಿಯಿಂದ ಬಂದ ಈ ರಕ್ಷಣೆ ಯಾವ ವಾರ ಇಳಿಯುತ್ತದೆ ಎಂಬುದು ಒಂದೇ ಸೂಲಿನ ಮರಿಗಳಲ್ಲೂ ಬೇರೆಬೇರೆ. ನಡುವೆ ಒಂದು ಕೆಟ್ಟ ಅವಧಿಯೂ ಇರುತ್ತದೆ: ಉಳಿದಿರುವ ಪ್ರತಿಕಾಯ ಲಸಿಕೆಯನ್ನು ತಡೆಯಲು ಸಾಕಾಗುತ್ತದೆ, ನಿಜವಾದ ರೋಗವನ್ನು ತಡೆಯಲು ಸಾಲುವುದಿಲ್ಲ. ಈ ಕಾರಣಕ್ಕಾಗಿಯೇ 6ರಿಂದ 8 ವಾರಕ್ಕೆ ಆರಂಭಿಸಿ, 2ರಿಂದ 4 ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೂ ಲಸಿಕೆ ಕೊಡುತ್ತಾರೆ. ಅಂದರೆ ನಾವು ಬಿಟ್ಟುಬಿಡುವ ಕೊನೆಯ ಚುಚ್ಚುಮದ್ದೇ ಎಲ್ಲಕ್ಕಿಂತ ಮುಖ್ಯವಾದದ್ದು. ಬೆಕ್ಕಿನ ಮರಿಗಳಿಗೂ ಇದೇ ಲೆಕ್ಕ.

ಪಾರ್ವೊ ವೈರಸ್ ನಾಯಿಗಳಲ್ಲಿ ಗುರುತಿಗೆ ಬಂದದ್ದು 1978ರ ಸುಮಾರಿಗೆ. ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ನಮ್ಮ ಪಾದರಕ್ಷೆಗೆ ಅಂಟಿಕೊಂಡು ಒಳಗೂ ಬರುತ್ತದೆ. ಹಾಗಾಗಿ ‘ನಮ್ಮ ಮರಿ ಹೊರಗೇ ಹೋಗುವುದಿಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ನೆಲ ಒರೆಸುವ ಎಷ್ಟೋ ದ್ರಾವಣಗಳಿಗೆ ಅದು ಜಗ್ಗುವುದಿಲ್ಲ, ಬ್ಲೀಚ್ ಬೇಕು. ಒಮ್ಮೆ ಪಾರ್ವೊ ಬಂದು ಹೋದ ಮನೆಗೆ ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ತರಬಾರದೆಂಬುದನ್ನೂ ನಾನು ತಡವಾಗಿ ಕಲಿತೆ.

ಇದರರ್ಥ ಬೆಳೆದ ನಾಯಿಗೆ ಪ್ರತಿ ವರ್ಷ ಎಲ್ಲ ಲಸಿಕೆಯನ್ನೂ ಹಾಕಿಸಬೇಕೆಂದಲ್ಲ. ಮರಿಯ ಸರಣಿ ಮತ್ತು ಅದರ ನಂತರದ ಬೂಸ್ಟರ್ ಸರಿಯಾಗಿ ಆಗಿದ್ದರೆ ಪಾರ್ವೊ ಮತ್ತು ಡಿಸ್ಟೆಂಪರ್ (ನಾಯಿಗಳ ಇನ್ನೊಂದು ಮಾರಕ ವೈರಸ್ ರೋಗ) ಲಸಿಕೆಗಳನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಹಾಕಿಸಿದರೆ ಸಾಕು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಲಸಿಕೆಯನ್ನು ಮಾತ್ರ ವರ್ಷಕ್ಕೊಮ್ಮೆ ಕೊಡಬೇಕಾಗುತ್ತದೆ. ರೇಬೀಸ್ ಲಸಿಕೆಯ ಅಂತರ ಆಯಾ ಪ್ರದೇಶದ ಕಾನೂನು ಮತ್ತು ಲಸಿಕೆಯ ಬಗೆಯನ್ನು ಅವಲಂಬಿಸಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಾಗಲಿ ನಾಯಿಯಾಗಲಿ ಬದುಕುವ ಆಸೆ ಇಲ್ಲದ ರೋಗ ಅದು. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆಯಾದರೆ ಅದರ ಹರಡುವಿಕೆಯ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲಸಿಕೆಯ ವಿಷಯದಲ್ಲಿ ಉದಾಸೀನ ಮಾಡುವ ಹಕ್ಕು ಯಾರಿಗೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ಜಂತುಹುಳುವಿನ ಔಷಧವನ್ನು ಮರಿಗೆ ಎರಡು ವಾರವಾದಾಗಲೇ ಆರಂಭಿಸಬೇಕು, ಏಕೆಂದರೆ ದುಂಡು ಹುಳುಗಳು ತಾಯಿಯ ಗರ್ಭದಲ್ಲೇ ಮರಿಯನ್ನು ಸೇರಿರುತ್ತವೆ. ಅವುಗಳ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಗೂ ಹೋಗಬಹುದು. ಉಣ್ಣೆ, ಚಿಗಟಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ, ನಾಯಿಗೆಂದು ಮಾಡಿದ ಔಷಧವನ್ನು ಬೆಕ್ಕಿನ ಮೇಲೆ ಹಾಕಿದರೆ ನಡುಕ, ಸೆಳವು ಬಂದು ಬೆಕ್ಕು ಸಾಯಬಹುದು. ಜ್ವರವೆಂದು ಬೆಕ್ಕಿಗೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡುವುದೂ ಅಷ್ಟೇ ಅಪಾಯ.

ವಯಸ್ಸಾದ ಬೆಕ್ಕುಗಳ ಬಗ್ಗೆಯೂ ಒಂದು ಮಾತು. ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ಬೆಕ್ಕನ್ನು ಮೀರಿಸಿದ ಪ್ರಾಣಿ ನನಗೆ ತಿಳಿದಂತೆ ಮನೆಗಳಲ್ಲಿಲ್ಲ. ಮೂತ್ರಪಿಂಡದ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಹೋದ ನಂತರವಷ್ಟೇ, ನೀರಿನ ಬಟ್ಟಲು ಮೊದಲಿಗಿಂತ ಬೇಗ ಖಾಲಿಯಾಗುತ್ತಿದೆಯಲ್ಲ ಎಂಬುದು ನಮ್ಮ ಗಮನಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ತೂಕ ನೋಡಿ, ಹಲ್ಲು ನೋಡಿ, ರಕ್ತ, ಮೂತ್ರ ಪರೀಕ್ಷಿಸಿದರೆ ಅದಕ್ಕೂ ಮೊದಲೇ ಸುಳಿವು ಸಿಗುತ್ತದೆ, ಆಹಾರ ಬದಲಿಸಿ ಎಷ್ಟೋ ಕಾಲ ತಳ್ಳಬಹುದು.

ಪಶುವೈದ್ಯರಲ್ಲಿ ನನ್ನ ಕೋರಿಕೆ ಚಿಕ್ಕದು. ಪುಸ್ತಕದಲ್ಲಿ ಮುಂದಿನ ದಿನಾಂಕವನ್ನು ಬರೆದುಕೊಟ್ಟು ಕಳುಹಿಸುವಾಗ, ಆ ದಿನಾಂಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಎರಡು ನಿಮಿಷ ಕೂರಿಸಿಕೊಂಡು ಹೇಳಿ. ತಾವೂ ವಾರದ ಪುರವಣಿಯಲ್ಲಿ ಪಶುವೈದ್ಯರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಒಂದು ಅಂಕಣಕ್ಕೆ ಜಾಗ ಮಾಡಿಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ