ಹುಲಿ ಕಂಡೆಯಾ ಎಂದು ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಆಗುಂಬೆಯ ಪಕ್ಕದಲ್ಲಿ ತೋಟ ಮಾಡಿಕೊಂಡಿದ್ದೀಯಲ್ಲ, ಹುಲಿ ಕಂಡೆಯಾ ಎಂದು ನೀನು ಕೇಳಿದ್ದೀಯೆ. ಕಂಡಿಲ್ಲ. ಕಾಡಿನ ಅಂಚಿನಲ್ಲಿ ನೆಲೆಸಿದವರ ಕಣ್ಣೆದುರು ಪ್ರಾಣಿಗಳು ದಿನವೂ ಸುಳಿದಾಡುತ್ತವೆಂದು ಬೆಂಗಳೂರಿನಲ್ಲಿದ್ದಾಗ ನಾನೂ ಎಣಿಸಿದ್ದೆ. ಇಲ್ಲಿ ಹೆಚ್ಚಾಗಿ ಕಾಣಸಿಗುವುದು ಅವು ಬಂದುಹೋದ ಗುರುತುಗಳು. ಬೆಳಿಗ್ಗೆ ತೋಟಕ್ಕಿಳಿದರೆ ಬಾಳೆಯ ಬುಡವನ್ನು ಕಾಡುಹಂದಿ ಉತ್ತುಹಾಕಿರುತ್ತದೆ, ತೋಟದ ಸುತ್ತ ತೋಡಿದ ಅಗಳದ ಕೆಸರಿನಲ್ಲಿ ಕಾಡುಕೋಣದ ಗೊರಸು ಮೂಡಿರುತ್ತದೆ, ಎಳೆಯ ತೆಂಗಿನ ಸಸಿಯನ್ನು ಮುಳ್ಳುಹಂದಿ ಬುಡದಲ್ಲೇ ಕೊರೆದಿರುತ್ತದೆ. ಅಡಿಕೆ ಮರಗಳ ಕೆಳಗೆ ಸಿಪ್ಪೆ ಚೀಪಿ ಬಿಟ್ಟ ಹಣ್ಣಡಿಕೆ ಬಿದ್ದಿದ್ದರೆ ಅದು ಬಾವಲಿಯ ಕೆಲಸ. ಅದಕ್ಕೆ ಬೇಕಾದದ್ದು ಸಿಪ್ಪೆಯ ರಸವಷ್ಟೇ ಆದ್ದರಿಂದ, ಉಳಿದದ್ದನ್ನು ನಾವು ಹೆಕ್ಕಿ ಒಣಗಲು ಹಾಕುತ್ತೇವೆ. ಈ ಒಪ್ಪಂದ ನನಗೆ ಬಹಳ ಹಿಡಿಸಿದೆ. ಮಂಗಗಳೊಡನೆ ಅಂಥ ಯಾವ ಒಪ್ಪಂದವೂ ಸಾಧ್ಯವಿಲ್ಲ. ಅವು ಹಾಡಹಗಲೇ ಬಂದು, ನಾಯಿ ಬೊಗಳುತ್ತಿರುವಾಗಲೇ ಬಾಳೆಗೊನೆ ಮುಗಿಸಿ ಹೋಗುತ್ತವೆ.

ಕಣ್ಣಾರೆ ಕಂಡದ್ದರಲ್ಲಿ ನಿನಗೆ ಹೇಳಲೇಬೇಕಾದದ್ದು ಕಾಳಿಂಗ ಸರ್ಪ. ಬೇಸಿಗೆಯಲ್ಲಿ, ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ದರಗು, ಅಂದರೆ ಉದುರಿ ಒಣಗಿದ ಎಲೆ, ಗುಡಿಸಲು ಹೋದ ಆಳುಗಳು ಬರಿಗೈಯಲ್ಲಿ ಹಿಂದಿರುಗಿ, ಬಿದಿರುಮೆಳೆಯ ಬುಡದಲ್ಲಿ ಯಾರೋ ಗುಡ್ಡೆ ಹಾಕಿದಂತಿರುವ ದರಗಿನ ಮೇಲೆ ಹಾವು ಮಲಗಿದೆ ಎಂದರು. ಪಕ್ಕದ ತೋಟದ ಅಜ್ಜನವರೊಡನೆ ಹೋಗಿ ದೂರದಿಂದಲೇ ನೋಡಿದೆ. ದರಗನ್ನು ಮೈಯ ಸುರುಳಿಯಿಂದ ಎಳೆದೆಳೆದು ಒಟ್ಟುಮಾಡಿ, ಮಳೆನೀರು ಮೊಟ್ಟೆಗೆ ತಾಗದಷ್ಟು ಬಿಗಿಯಾಗಿ ಗೂಡು ಕಟ್ಟುವ ಈ ಹಾವು, ಇಪ್ಪತ್ತರಿಂದ ನಲವತ್ತರಷ್ಟು ಮೊಟ್ಟೆಗಳನ್ನಿಟ್ಟು ವಾರಗಟ್ಟಲೆ ಕಾವಲಿರುತ್ತದೆ. ಮಳೆಗಾಲದಲ್ಲಿ ಮರಿಗಳು ಹೊರಬರುವ ಮೊದಲೇ ತಾನು ಹೊರಟುಹೋಗುತ್ತದೆ. ಅದರ ಮುಖ್ಯ ಆಹಾರ ಕೇರೆ, ನಾಗರ ಮುಂತಾದ ಇತರ ಹಾವುಗಳು. ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆಂದು ತಯಾರಾದದ್ದು. ಕಾಳಿಂಗ ಕಚ್ಚಿದರೆ ಅದನ್ನು ನಂಬಿ ಕೂರುವಂತಿಲ್ಲ. ಇಷ್ಟು ತಿಳಿದಿದ್ದ ನನಗೆ ಕಾಲು ನಡುಗುತ್ತಿತ್ತು. ಅಜ್ಜನವರಾದರೋ ಕೈಮುಗಿದು, ಈ ವರ್ಷ ಈ ಕಡೆಯ ದರಗು ಬೇಡ ಎಂದಷ್ಟೇ ಹೇಳಿ ತಿರುಗಿದರು. 2005ರಿಂದ ಆಗುಂಬೆಯಲ್ಲಿರುವ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳಿಗೆ ರೇಡಿಯೋ ಸಾಧನ ಅಳವಡಿಸಿ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಹಾವು ಇಲ್ಲಿ ಇಷ್ಟು ಕಾಲ ಉಳಿದುಕೊಂಡದ್ದಕ್ಕೆ ಮಾತ್ರ ಅಜ್ಜನವರಂಥವರು ಬಿಟ್ಟುಕೊಟ್ಟ ಜಾಗವೇ ಕಾರಣವೆಂದು ನನಗನ್ನಿಸುತ್ತದೆ.

ಆದರೆ ಇಲ್ಲಿನವರು ನಿಜವಾಗಿ ಅಂಜುವುದು ಹಾವಿಗಲ್ಲ, ಮೈಗೆ ಕಚ್ಚಿ ರಕ್ತ ಹೀರುವ, ಎಳ್ಳಿನಷ್ಟಿರುವ ಉಣುಗಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಹಾಗಾಗಿ ಕಾಡಿನಲ್ಲಿ ಮಂಗ ಸತ್ತುಬಿದ್ದಿದ್ದರೆ ಯಾರೂ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ, ಸೊಪ್ಪಿಗೆ ಹೋಗುವವರು ಉಣುಗು ಹತ್ತದಂತೆ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುತ್ತಾರೆ. ನಾನು ಬೈದುಕೊಳ್ಳುವ ಮಂಗಗಳೇ ಈ ಕಾಯಿಲೆಗೆ ಮೊದಲು ಬಲಿಯಾಗುವವು. ಬೇಸಿಗೆಯಲ್ಲಿ ಅವುಗಳ ಗಲಾಟೆ ಕೇಳಿಸದಿದ್ದರೆ ಊರಿನವರೆಲ್ಲ ಚಿಂತೆಗೆ ಬೀಳುತ್ತಾರೆ.

ಬರುವುದಾದರೆ ನವೆಂಬರಿನಲ್ಲಿ ಬಾ. ಮಳೆ ಹಿಂದೆಗೆದು ರಕ್ತ ಹೀರುವ ಉಂಬಳದ (ಜಿಗಣೆಯ) ಕಾಟ ತಗ್ಗಿರುತ್ತದೆ, ಡಿಸೆಂಬರಿನಿಂದಾಚೆ ಹೆಚ್ಚುವ ಕಾಯಿಲೆಯ ಕಾಲವೂ ಇನ್ನೂ ಬಂದಿರುವುದಿಲ್ಲ. ಉದ್ದ ತೋಳಿನ ಅಂಗಿ ತಾ. ಹುಲಿ ತೋರಿಸುವೆನೆಂದು ಮಾತು ಕೊಡಲಾರೆ. ಆಗ ಅಡಿಕೆಗೊನೆಯ ಕೊಯ್ಲು ನಡೆದಿರುತ್ತದೆ, ಅಡಿಕೆ ಸುಲಿಯಲು ಜನ ಸಾಲುವುದಿಲ್ಲ, ನಿನಗೂ ಒಂದು ಮೆಟ್ಟುಗತ್ತಿ ತೆಗೆದಿಟ್ಟಿರುತ್ತೇನೆ.

ನಿನ್ನ ಗೆಳೆಯ