ಕೃಷ್ಣೆಯಲ್ಲಿ ರಾತ್ರಿ ತಂಗುವ ರಾಫ್ಟಿಂಗ್: ಅನುಮತಿ, ಹೆಸರಿನ ಪಟ್ಟಿ ಮತ್ತು ಬದಲಾದ ಬಿಡಾರ

ಕಲಬುರಗಿ

ಪ್ರಿಯ ಗ್ರಾಹಕರೇ, ಶರಣು.

ಜಲದುರ್ಗದ ಕೆಳಗಿನಿಂದ ತಿಂಥಣಿ ಸೇತುವೆಯವರೆಗಿನ ಎರಡು ಹಗಲು, ಒಂದು ರಾತ್ರಿಯ ನಮ್ಮ ರಾಫ್ಟಿಂಗ್‌ನಲ್ಲಿ (ಗಾಳಿ ತುಂಬಿದ ದೋಣಿಯ ಪ್ರವಾಸ) ಈ ಹಂಗಾಮಿನಿಂದ ಕೆಲವು ಬದಲಾವಣೆ ಮಾಡಿದ್ದೇವೆ. ಹೊರಡುವ ದಿನಕ್ಕೆ 40 ದಿನ ಇರುವಾಗಲೇ ಬುಕಿಂಗ್ ಮುಚ್ಚುತ್ತದೆ. ಒಮ್ಮೆ ಕೊಟ್ಟ ಹೆಸರನ್ನು ಆಮೇಲೆ ಬದಲಿಸಲು ಬರುವುದಿಲ್ಲ. ರಾತ್ರಿ ಬಿಡಾರ ಇನ್ನು ನಡುಗಡ್ಡೆಯಲ್ಲಿ ಇಲ್ಲ. ಯಾದಗಿರಿ ಕಡೆಯ ದಂಡೆಯ ಮೇಲೆ, ಮಾಲೀಕರ ಒಪ್ಪಿಗೆ ಇರುವ ಹೊಲದಲ್ಲಿ. ದರ ತಲಾ 600 ರೂಪಾಯಿ ಏರಿದೆ. ಇದೆಲ್ಲ ಯಾಕೆ, ನೀವು ಏನು ಮಾಡಬೇಕು ಎಂಬುದನ್ನು ಕೆಳಗೆ ಬಿಡಿಸಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ, ಆದರೆ ದುಡ್ಡು ಕಟ್ಟುವ ಮೊದಲು ಪೂರ್ತಿ ಓದಿ.

ಮೊದಲು ನಡುಗಡ್ಡೆಯ ಮಾತು, ಯಾಕೆಂದರೆ ಹೆಚ್ಚಿನ ಬೇಸರ ಇದರ ಬಗ್ಗೆಯೇ ಇರುತ್ತದೆ ಎಂದು ಗೊತ್ತು. ಆಲಮಟ್ಟಿ ಜಲಾಶಯದ ಸಾಮರ್ಥ್ಯ ಸುಮಾರು 123 ಟಿಎಂಸಿ. ಅದರ ಕೆಳಗಿರುವ ನಾರಾಯಣಪುರದ ಬಸವಸಾಗರದ್ದು ಸುಮಾರು 33 ಟಿಎಂಸಿ ಮಾತ್ರ. ದೊಡ್ಡದು ಬಿಟ್ಟ ನೀರನ್ನು ಸಣ್ಣದು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ನದಿಗೆ ಬಿಡಲೇಬೇಕು. ಮಳೆಗಾಲದಲ್ಲಿ ಶೀಲಹಳ್ಳಿ ಸೇತುವೆ ಮುಳುಗುವುದು, ನದಿ ನಡುವಿನ ನೀಲಕಂಠರಾಯನಗಡ್ಡಿಯ ಜನ ದಿಕ್ಕು ತೋಚದೆ ಕೂರುವುದು ಹೀಗೆಯೇ. ಮಳೆ ನಿಂತ ಮೇಲೆ ಅಪಾಯವೂ ಹೋಯಿತು ಅನ್ನಬೇಡಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ, ಕೆಳಗಿನ ಊರುಗಳ ಕುಡಿಯುವ ನೀರಿಗೆ ಒಣ ದಿನಗಳಲ್ಲೂ ನದಿಗೆ ನೀರು ಬಿಡುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗೂ ತುಸು ಹೆಚ್ಚು. 5,000 ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 1.4 ಲಕ್ಷ ಲೀಟರ್. ಹಗಲು ಗೇಟು ಎತ್ತಿದ ನೀರು ನಿಮ್ಮ ಡೇರೆ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಸಂಜೆ ಮೊಣಕಾಲುದ್ದ ಇದ್ದ ಕವಲನ್ನು ರಾತ್ರಿ ದಾಟಲು ಆಗುವುದಿಲ್ಲ. ನಡುಗಡ್ಡೆಯಲ್ಲಿ ಮಲಗಿದವರಿಗೆ ಓಡಿಹೋಗಲು ಎತ್ತರದ ಜಾಗವೂ ಇಲ್ಲ, ಅವರನ್ನು ಮುಟ್ಟಲು ಗಾಡಿಗೆ ದಾರಿಯೂ ಇಲ್ಲ.

ಅನುಮತಿಯ ಕಡತದಲ್ಲಿ ಗಟ್ಟಿಯಾಗಿ ನಿಲ್ಲಬೇಕಾದದ್ದೂ ಇದೇ ಜಾಗ. ಹಗಲು ನಾಲ್ಕು ತಾಸು ರಾಫ್ಟ್ ಬಿಡುವುದು ಬೇರೆ, ಜನರನ್ನು ನದಿ ಪಕ್ಕ ಮಲಗಿಸುವುದು ಬೇರೆ. ಎಲ್ಲಿ ಮಲಗುತ್ತಾರೆ, ಜಾಗ ಯಾರದು, ನೀರಿನಿಂದ ಎಷ್ಟು ಎತ್ತರ, ರಾತ್ರಿ ಎರಡಕ್ಕೆ ಹಾವು ಕಚ್ಚಿದರೆ ಸುರಪುರ ಆಸ್ಪತ್ರೆಗೆ ಹೇಗೆ ಒಯ್ಯುತ್ತೀರಿ: ಈ ನಾಲ್ಕಕ್ಕೆ ಉತ್ತರ ಇಲ್ಲದ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ. ಹಾಗಾಗಿ ಅರ್ಜಿಯ ಜೊತೆ ಹೊಲದ ಪಹಣಿ, ಮಾಲೀಕರ ಒಪ್ಪಿಗೆ ಪತ್ರ, ಬಿಡಾರದ ಜಾಗ ಗುರುತಿಸಿದ ನಕ್ಷೆ, ಗಾಡಿ ನಿಲ್ಲುವ ಸ್ಥಳ ಎಲ್ಲವನ್ನೂ ಇಡುತ್ತೇವೆ. ಡೇರೆಗಳು ನೀರಿನ ಅಂಚಿನಿಂದ ಕನಿಷ್ಠ 100 ಮೀಟರ್ ದೂರ, 5 ಮೀಟರ್ ಎತ್ತರದಲ್ಲಿ. ಜೀಪು ರಾತ್ರಿಯಿಡೀ ಡೇರೆಯಿಂದ 200 ಮೀಟರ್ ಒಳಗೆ, ಮುಖ ರಸ್ತೆ ಕಡೆ ಮಾಡಿಕೊಂಡು ನಿಂತಿರುತ್ತದೆ.

ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಡುತ್ತೇವೆ. ಪ್ರತಿಗಳು ಪೊಲೀಸರಿಗೆ, ತಹಸೀಲ್ದಾರರಿಗೆ, ಅರಣ್ಯ ಇಲಾಖೆಗೆ, ಅಣೆಕಟ್ಟೆಗಳನ್ನು ನೋಡಿಕೊಳ್ಳುವ ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ. ಒಬ್ಬೊಬ್ಬರ ಅಭಿಪ್ರಾಯವೂ ಬರಬೇಕು, ಒಂದು ತಡವಾದರೆ ಎಲ್ಲವೂ ತಡ. ಅದಕ್ಕೇ ಆ 40 ದಿನ. ನಿಗಮದ ಕಾಗದ ಬಂದರೆ ಮುಗಿಯಿತು ಎಂದೂ ಇಲ್ಲ. ಅದು ಆ ದಿನಕ್ಕೆ ನೀರು ಬಿಡುವುದಿಲ್ಲ ಎಂಬ ಭರವಸೆ ಅಲ್ಲ. ಹೊರಡುವ ಹಿಂದಿನ ದಿನ ಸಂಜೆ, ಹೊರಡುವ ದಿನ ಬೆಳಿಗ್ಗೆ ಎರಡು ಸಲ ಅಣೆಕಟ್ಟೆಯ ನಿಯಂತ್ರಣ ಕೊಠಡಿಗೆ ಫೋನು ಮಾಡಿ ಹೊರಹರಿವು ಕೇಳುತ್ತೇವೆ, ಬರೆದಿಡುತ್ತೇವೆ.

ಇನ್ನೊಂದು ತೊಡಕು ನದಿಯ ಜಾಯಮಾನದ್ದೇ. ಇಲ್ಲಿ ಕೃಷ್ಣೆಯೇ ಗಡಿ: ಎಡದಂಡೆ ಯಾದಗಿರಿ, ಬಲದಂಡೆ ರಾಯಚೂರು. ಎಡಕ್ಕೆ ಇಳಿದು ಬಲಕ್ಕೆ ಹತ್ತಿದರೆ ಎರಡು ಜಿಲ್ಲೆ, ಎರಡು ಕಡತ. ಆದ್ದರಿಂದ ರಾಫ್ಟ್ ಇಳಿಸುವುದು, ಊಟ, ಬಿಡಾರ, ಕೊನೆಗೆ ಹತ್ತುವುದು ಎಲ್ಲವನ್ನೂ ಎಡದಂಡೆಗೇ ತಂದಿದ್ದೇವೆ. ಸೆಳವು ನೋಡಿಕೊಂಡು ರಾಫ್ಟ್ ಆಚೆ ಸರಿಯುವುದು ಇದ್ದೇ ಇದೆ, ಅದಕ್ಕಾಗಿ ಬಲದಂಡೆಯ ಲಿಂಗಸುಗೂರು ಕಡೆಗೂ ಮಾಹಿತಿ ಪತ್ರ ಹೋಗುತ್ತದೆ. ಬಲದಂಡೆಯ ನೆರಳಿನಲ್ಲಿ ಅರ್ಧ ತಾಸು ಕೂತು ಫೋಟೊ ತೆಗೆದುಕೊಳ್ಳೋಣ ಎಂದು ಗೈಡಿಗೆ ಒತ್ತಾಯ ಮಾಡಬೇಡಿ.

ಈಗ ನಿಮ್ಮ ಕೆಲಸ. ಅನುಮತಿ ಸಿಗುವುದು ಗುಂಪಿಗಲ್ಲ, ಪಟ್ಟಿಯಲ್ಲಿರುವ ಹೆಸರುಗಳಿಗೆ. ವಿಮೆಯೂ ಹಾಗೆಯೇ: ಸಾಮಾನ್ಯ ಅಪಘಾತ ವಿಮೆಗಳು ಸಾಹಸ ಕ್ರೀಡೆಯನ್ನು ಹೊರಗಿಡುವುದೇ ಹೆಚ್ಚು, ಅದಕ್ಕೆ ಬೇರೆಯಾಗಿ ಹೆಸರು ಹಿಡಿದು ಮಾಡಿಸುತ್ತೇವೆ. "ನಾನು ಮತ್ತು ಮೂರು ಜನ ದೋಸ್ತರು" ಎಂಬ ಬುಕಿಂಗ್ ಇನ್ನು ನಡೆಯುವುದಿಲ್ಲ. ಪ್ರತಿಯೊಬ್ಬರದೂ ಆಧಾರ್ ಪ್ರತಿ, ಎರಡು ಫೋಟೊ, ರಕ್ತದ ಗುಂಪು, ಮನೆಯವರೊಬ್ಬರ ಫೋನ್ ನಂಬರು, ಕಳೆದ 30 ದಿನದೊಳಗೆ ಪಡೆದ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟು ಬೇಕು. ಒಪ್ಪಿಗೆ ಪತ್ರ ನಮ್ಮ ಫಾರಮ್ಮಿನಲ್ಲೇ ಇದೆ, ಬಾಂಡ್ ಪೇಪರ್ ತರಬೇಡಿ. 14 ವರ್ಷ ತುಂಬದವರನ್ನು ಕರೆದೊಯ್ಯುವುದಿಲ್ಲ. 18ರೊಳಗಿನವರಿಗೆ ತಂದೆ ಅಥವಾ ತಾಯಿಯ ಸಹಿ ಬೇಕು, ಕಾಕಾನ ಸಹಿ ನಡೆಯದು.

ಕಡತ ವಾಪಸ್ ಬರುವುದು ದೊಡ್ಡ ಕಾರಣಕ್ಕಲ್ಲ. ಆಧಾರಿನಲ್ಲಿ ಶರಣಬಸಪ್ಪ, ಫಾರಮ್ಮಿನಲ್ಲಿ ಶರಣಪ್ಪ, ಡಾಕ್ಟರ ಚೀಟಿಯಲ್ಲಿ ಬರೀ ಎಸ್. ಪಾಟೀಲ: ಪೊಲೀಸರ ಪರಿಶೀಲನೆಯಲ್ಲಿ ಇವರು ಮೂರು ಜನ. ಎಲ್ಲ ಕಾಗದದಲ್ಲೂ ಆಧಾರಿನಲ್ಲಿರುವಂತೆಯೇ ಬರೆಯಿರಿ, ಅಡ್ಡಹೆಸರು (ಮನೆತನದ ಹೆಸರು) ಸಮೇತ. ವಾಟ್ಸಾಪ್‌ನಲ್ಲಿ ಫೋಟೊ ತೆಗೆದು ಕಳಿಸಿದ ಆಧಾರಿನ ಅಂಕಿಗಳು ಪ್ರಿಂಟಿನಲ್ಲಿ ಕಾಣುವುದಿಲ್ಲ; ಝೆರಾಕ್ಸ್ ಕೊಡಿ, ಇಲ್ಲವೇ ಪಿಡಿಎಫ್ ಕಳಿಸಿ. ಒಬ್ಬರ ಕಾಗದ ಸರಿ ಇಲ್ಲದಿದ್ದರೆ ಅವರೊಬ್ಬರನ್ನು ಪಟ್ಟಿಯಿಂದ ತೆಗೆದು ಉಳಿದವರದ್ದು ಕಳಿಸುತ್ತೇವೆ, ಇಡೀ ಗುಂಪನ್ನು ಕಾಯಿಸುವುದಿಲ್ಲ.

ದಿನ ಆರಿಸುವ ವಿಷಯ. ನವೆಂಬರ್ ಮೊದಲ ವಾರದಿಂದ ಜನವರಿ ಕೊನೆಯವರೆಗೆ ಮಾತ್ರ ರಾತ್ರಿಯ ಪ್ರವಾಸ. ದಸರಾ ರಜೆಯಲ್ಲಿ ಯಾಕಿಲ್ಲ ಎಂದು ಕೇಳುವವರು 2020ರ ಅಕ್ಟೋಬರ್‌ನಲ್ಲಿ ಕೃಷ್ಣೆಯ ಉಪನದಿ ಭೀಮೆ ಹೇಗೆ ಉಕ್ಕಿತ್ತು ಎಂದು ನೆನಪಿಸಿಕೊಳ್ಳಿ. ಹಿಂಗಾರಿನ ಮಳೆಯನ್ನು ನಂಬಿ ದಿನ ಕೊಡಲು ಆಗುವುದಿಲ್ಲ. ಫೆಬ್ರವರಿಯಿಂದ ಮೊಸಳೆಗಳು ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುವ ಕಾಲ. ಅವು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಗೂಡಿನ ಹತ್ತಿರ ತಾಯಿ ಮೊಸಳೆಯ ಸ್ವಭಾವವೂ ಬೇರೆಯೇ. ಸಂಕ್ರಾಂತಿಯ ಹಿಂದು ಮುಂದು ಎರಡು ದಿನ ನದಿಯುದ್ದಕ್ಕೂ ಪುಣ್ಯಸ್ನಾನದ ಜನ, ಪೊಲೀಸರಿಗೂ ಪುರುಸೊತ್ತಿಲ್ಲ. ಆಗ ದಿನ ಕೇಳಬೇಡಿ. ಎಳ್ಳಮಾವಾಸ್ಯೆಗೆ ನಮ್ಮ ಹುಡುಗರು ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಅರ್ಪಿಸಲು) ಅವರವರ ಹೊಲಕ್ಕೆ ಹೋಗುತ್ತಾರೆ. ಅವತ್ತು ಇಮ್ಮಡಿ ಪಗಾರ ಕೊಟ್ಟರೂ ಯಾರೂ ಬರುವುದಿಲ್ಲ, ಬರಲಿ ಎಂದು ನಾವೂ ಬಯಸುವುದಿಲ್ಲ.

ಈ ತಿಂಗಳುಗಳಲ್ಲಿ ನೀರು ಕಡಿಮೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಹೃಷಿಕೇಶದ ವಿಡಿಯೊ ನೋಡಿಕೊಂಡು ಬಂದವರಿಗೆ ನಿರಾಸೆ ಆದೀತು. ಇಲ್ಲಿ ಹುಟ್ಟು ಹಾಕುವ ಕೆಲಸವೇ ಹೆಚ್ಚು; ಬಂಡೆಗಳ ನಡುವೆ ಸಣ್ಣ ಧುಮುಕು, ಆಮೇಲೆ ಉದ್ದನೆಯ ಮಡು, ಕೆಲವು ಕಡೆ ಇಳಿದು ಎಳೆಯಬೇಕು. ಇಳಿದಾಗ ಎರಡು ಎಚ್ಚರ. ಹರಿಯುವ ನೀರಿನಲ್ಲಿ ಬಂಡೆ ಸಂದಿಗೆ ಕಾಲು ಊರಿ ನಿಲ್ಲಬಾರದು, ಪಾದ ಸಿಕ್ಕಿಕೊಂಡರೆ ಮೊಣಕಾಲುದ್ದ ನೀರೇ ಮನುಷ್ಯನನ್ನು ಮಲಗಿಸಿ ಮುಳುಗಿಸುತ್ತದೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಪಾದ ಮುಳುಗುವಷ್ಟು ನೀರಿನ ಪಕ್ಕದಲ್ಲೇ ಎರಡಾಳು ಆಳ ಇರಬಹುದು. ಗೈಡು ಹುಟ್ಟುಗೋಲಿನಿಂದ ತಳ ಮುಟ್ಟಿ ನೋಡಿದ ಕಡೆ ಮಾತ್ರ ಇಳಿಯಿರಿ. ದಂಡೆಯಲ್ಲಿ ರೈತರ ಪಂಪ್‌ಸೆಟ್ ವೈರುಗಳಿರುತ್ತವೆ, ಜಾಯಿಂಟಿಗೆ ಬರೀ ಟೇಪು ಸುತ್ತಿರುತ್ತದೆ. ಪೈಪು ಹಿಡಿದು ದಂಡೆ ಹತ್ತಬೇಡಿ.

ಬಿಡಾರದಲ್ಲಿ ಕೆಲಸ ಎಲ್ಲರಿಗೂ ಇದೆ. 14 ಅಡಿ ರಾಫ್ಟಿನಲ್ಲಿ ಆರು ಜನ, ಒಬ್ಬ ಗೈಡು. ಎರಡು ರಾಫ್ಟು ಇಲ್ಲದೆ ಹೊರಡುವುದಿಲ್ಲ. ದಂಡೆಗೆ ಎಳೆಯುವ ಮೊದಲು ನೆಲಕ್ಕೆ ದಪ್ಪ ತಾಡಪಾಲು ಹಾಸಬೇಕು, ಯಾಕೆಂದರೆ ಈ ನದಿಯಲ್ಲಿ ರಾಫ್ಟ್ ಹಾಳಾಗುವುದು ಬಂಡೆಗಿಂತ ಹೆಚ್ಚಾಗಿ ಬಳ್ಳಾರಿ ಜಾಲಿಯ ಮುಳ್ಳಿನಿಂದ. ಮಧ್ಯಾಹ್ನ ಊಟಕ್ಕೆ ನಿಂತಾಗ ರಾಫ್ಟನ್ನು ಅರ್ಧ ನೀರಿನಲ್ಲೇ ಬಿಡುತ್ತೇವೆ. ಪೂರ್ತಿ ಬಿಸಿಲಿಗೆ ಎಳೆದರೆ ಒಳಗಿನ ಗಾಳಿ ಹಿಗ್ಗಿ ಜೋಡಣೆ ಬಿಡಬಹುದು, ಹಾಗೆ ಎಳೆಯಲೇಬೇಕಾದರೆ ರಾಫ್ಟಿನ ಪ್ರತಿ ಗಾಳಿ ಕೋಣೆಯಿಂದ ಸ್ವಲ್ಪ ಗಾಳಿ ಬಿಟ್ಟು ಎಳೆಯಬೇಕು. ಬೆಳಿಗ್ಗೆ ತಣ್ಣನೆ ನೀರಿಗೆ ಬಿದ್ದ ಕೂಡಲೇ ಅದೇ ರಾಫ್ಟು ಮೆತ್ತಗಾಗುತ್ತದೆ. ಪಂಕ್ಚರ್ ಆಯಿತೆಂದು ಗಾಬರಿ ಬೇಡ, ಪಂಪು ಹೊಡೆದರೆ ಸಾಕು.

ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ರಾತ್ರಿ ಬಿಸಿ ಅನ್ನ ಸಾರು. ಮೀನು, ಮಾಂಸ ಇಲ್ಲ. ಇದು ಮಡಿ ಮೈಲಿಗೆಯ ಮಾತಲ್ಲ, ನೀರಿನ ಅಂಚಿನಲ್ಲಿ ತೊಳೆದ ಮಾಂಸದ ವಾಸನೆಗೆ ಮೊಸಳೆ ಬರುತ್ತದೆ. ಪಾತ್ರೆ ತೊಳೆಯುವುದೂ ಡೇರೆಯ ಹತ್ತಿರ, ಕೊಡದ ನೀರಿನಲ್ಲಿ. ಕುಡಿಯಲು ತಲಾ 4 ಲೀಟರ್ ನಾವು ತರುತ್ತೇವೆ. ಸೂರ್ಯ ಇಳಿದ ಮೇಲೆ ನೀರಿಗೆ ಯಾರೂ ಇಳಿಯುವಂತಿಲ್ಲ, ಮುಖ ತೊಳೆಯಲೂ ಇಲ್ಲ. ಬೆಂಕಿ ಕಬ್ಬಿಣದ ಬಾಣಲೆಯಲ್ಲಿ ಮಾತ್ರ, ಬೂದಿ ವಾಪಸ್ ತರುತ್ತೇವೆ. ಶೌಚಕ್ಕೆ ಮುಚ್ಚಳ ಬಿಗಿಯುವ ಡಬ್ಬಿಯ ವ್ಯವಸ್ಥೆ ಇದೆ, ಅದೂ ನಮ್ಮ ಜೊತೆಗೇ ವಾಪಸ್. ಹೊಲದ ಮಾಲೀಕರು ಒಪ್ಪಿದ್ದು ಈ ಷರತ್ತಿನ ಮೇಲೆಯೇ.

ದುಡ್ಡಿನ ಲೆಕ್ಕ: ಹಿಂದೆ ತಲಾ 4,200 ಇತ್ತು, ಈಗ 4,800. ಹೆಚ್ಚಾದ ಹಣ ಹೊಲದ ಬಾಡಿಗೆಗೆ, ರಾತ್ರಿ ನಿಲ್ಲುವ ಜೀಪಿಗೆ, ಹೆಸರಿನ ಮೇಲಿನ ವಿಮೆಗೆ ಹೋಗುತ್ತದೆ. ಬುಕಿಂಗಿಗೆ 1,500 ಕಟ್ಟಿದರೆ ಸಾಕು, ಉಳಿದದ್ದು ಅನುಮತಿ ಪತ್ರ ಕೈಗೆ ಬಂದ ಮೇಲೆ. ಅನುಮತಿ ಸಿಗದಿದ್ದರೆ ಪೂರ್ತಿ ವಾಪಸ್. ನದಿಗೆ ನೀರು ಬಿಟ್ಟ ಕಾರಣಕ್ಕೆ ನಿಂತರೆ ವಿಮೆಯ ಕಂತು ಹಿಡಿದುಕೊಂಡು ಉಳಿದದ್ದು ವಾಪಸ್, ಅಥವಾ ಅದೇ ಹಂಗಾಮಿನ ಬೇರೆ ದಿನ. ಆದರೆ ಬೇರೆ ದಿನ ಎಂದರೆ ಹೊಸ ಅರ್ಜಿ, ಮತ್ತೆ 40 ದಿನ. ನೀವೇ ಬರದಿದ್ದರೆ ಮುಂಗಡ ವಾಪಸ್ ಇಲ್ಲ, ನಿಮ್ಮ ಜಾಗಕ್ಕೆ ತಮ್ಮನನ್ನು ಕಳಿಸಲೂ ಬರುವುದಿಲ್ಲ.

ಈಗಾಗಲೇ ಹಳೆಯ ದರದಲ್ಲಿ ಮುಂಗಡ ಕಟ್ಟಿದವರಿಗೆ ಹಳೆಯ ದರವೇ. ಆದರೆ ಕಾಗದಪತ್ರ ಎಲ್ಲರಿಗೂ ಒಂದೇ, ಮುಂದಿನ 10 ದಿನದೊಳಗೆ ಕಚೇರಿಗೆ ಮುಟ್ಟಿಸಿ. ನಡುಗಡ್ಡೆ ಇಲ್ಲದಿದ್ದರೆ ಬೇಡ ಅನ್ನುವವರು ಅದೇ ಅವಧಿಯೊಳಗೆ ತಿಳಿಸಿದರೆ ಪೂರ್ತಿ ಹಣ ಕೊಡುತ್ತೇವೆ. ಒಂದು ದಿನದ ರಾಫ್ಟಿಂಗ್‌ನ ದರ, ವೇಳೆ ಯಾವುದೂ ಬದಲಾಗಿಲ್ಲ. ಬೆಂಗಳೂರು, ಹೈದರಾಬಾದಿನಿಂದ ಬರುವವರು ಅನುಮತಿ ಪತ್ರದ ನಂಬರು ನಮ್ಮಿಂದ ಮೆಸೇಜಿನಲ್ಲಿ ಬರುವ ತನಕ ರೈಲಿನ ಟಿಕೆಟ್ ಮಾಡಿಸಬೇಡಿ. ಕಚೇರಿಯ ಫೋನು ನಿಮ್ಮ ರಸೀದಿಯ ಹಿಂಬದಿಯಲ್ಲಿದೆ, ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ.

ಇಂತಿ,
ವ್ಯವಸ್ಥಾಪಕರು ಮತ್ತು ಗೈಡುಗಳ ಬಳಗ